ಸುಟ್ಟ ಬಾಡಿಗೆ ಯಾವ ವೈನು?

ನಮ್ಮ ಕಡೆಯ ಸಣ್ಣ ಪೇಟೆಗಳಲ್ಲೂ 'ವೈನ್ಸ್' ಎಂಬ ಬೋರ್ಡು ಕಾಣುತ್ತದೆ. ಒಳಗೆ ಹೋಗಿ ವೈನ್ ಕೇಳಿದರೆ ಅಂಗಡಿಯವನು ಒಂದು ಗಳಿಗೆ ನಿಮ್ಮ ಮುಖ ನೋಡುತ್ತಾನೆ. ವಿಸ್ಕಿ, ರಮ್ಮು, ಬ್ರಾಂದಿ, ಬಿಯರು ಎಲ್ಲ ಇವೆ. 90 ಎಂಎಲ್ಲಿನ ಟೆಟ್ರಾ ಪ್ಯಾಕುಗಳು ಸಾಲಾಗಿ ಕೂತಿವೆ. ವೈನ್ ಮಾತ್ರ ಇಲ್ಲ. ಇದ್ದರೆ ಮೇಲಿನ ಗೂಡಿನಲ್ಲಿ ಧೂಳು ಹಿಡಿದ ಸಿಹಿ ಪೋರ್ಟಿನ ಒಂದು ಬಾಟಲಿ. ಹೆಸರು ದ್ರಾಕ್ಷಿಯದು, ವ್ಯಾಪಾರ ಇನ್ಯಾವುದರದೋ.

ಹೀಗಾಗಿ ಬಿಳಿಚೋಡಿನಿಂದ ಅಣ್ಣನ ಮಗ ಫೋನು ಮಾಡಿ, "ಚಿಕ್ಕಪ್ಪಾ, ಮಾರಿಹಬ್ಬದ ಮಾರನೇ ದಿನ ಹೊಲದಾಗೆ ಬಾರ್ಬೆಕ್ಯೂ ಮಾಡ್ತೀವಿ. ಬೆಂಗಳೂರಿಂದ ಬರೋವಾಗ ವೈನ್ ತಗಂಬನ್ನಿ, ಸುಟ್ಟಿದ್ದಕ್ಕೆ ಯಾವ್ದು ಸೇರ್ತತೋ ಅದನ್ನೇ ತರ್ರಿ" ಅಂದಾಗ ನನಗೆ ನಗು ಬಂತು, ಖುಷಿಯೂ ಆಯಿತು. ಸುಡುವುದು ನಮಗೆ ಹೊಸದಲ್ಲ. ಕುರಿಯ ತಲೆ ಕಾಲು ಸುಡುವ ವಾಸನೆ, ಕೆಂಡದ ಮೇಲೆ ಉಪ್ಪು ಖಾರ ಸವರಿ ಇಟ್ಟ ಲಿವರಿನ ತುಂಡು, ಹೊಲದ ಬದುವಿನಲ್ಲಿ ಸುಟ್ಟ ಮೆಕ್ಕೆಜೋಳದ ತೆನೆ, ಬಳ್ಳಿಸಹಿತ ಸುಟ್ಟ ಹಸಿ ಶೇಂಗಾ, ರೊಟ್ಟಿಗೆ ಸುಟ್ಟ ಬದನೆಕಾಯಿ. ಜಗಳೂರು ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷಗಳಲ್ಲೂ ಜಾಲಿ ಸೌದೆಗೆ ಬರ ಬಂದದ್ದಿಲ್ಲ. ಹೊಸದು ಏನೆಂದರೆ ಆನ್‌ಲೈನಿನಲ್ಲಿ ತರಿಸಿದ ಕಬ್ಬಿಣದ ಜಾಲರಿ ಒಲೆ, ಮತ್ತು 'ಯಾವುದಕ್ಕೆ ಯಾವುದು ಸೇರುತ್ತದೆ' ಎಂಬ ಪ್ರಶ್ನೆ.

ಆ ಪ್ರಶ್ನೆಯೂ ಅಷ್ಟು ಹೊಸದಲ್ಲ. ಹಳಗನ್ನಡದಲ್ಲಿ 'ಚಕ್ಕಣ' ಎಂಬ ಮಾತಿದೆ. ಕಳ್ಳಿನ ಜೊತೆ ನಂಜಿಕೊಳ್ಳುವ ತಿನಿಸು ಅದು. ಪಂಪನ 'ವಿಕ್ರಮಾರ್ಜುನ ವಿಜಯ'ದಲ್ಲಿ ಕುಡಿತದ ಕೂಟದ ವರ್ಣನೆಯೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮಾಂಸವನ್ನು ಕೆಂಡದಲ್ಲಿ ಸುಡುವ ಬಗೆಗಳಿವೆ. ಅದೇ ಶತಮಾನದಲ್ಲಿ ಹೆಂಡ ಮಾರುತ್ತಿದ್ದ ಮಾರಯ್ಯ ವಚನಕಾರನಾದ. ಎಂಟು ನೂರು ವರ್ಷಗಳ ನಂತರ ಹೆಂಡ ಮುಟ್ಟದ ಜಿ.ಪಿ. ರಾಜರತ್ನಂ ಕುಡುಕ ರತ್ನನ ಬಾಯಲ್ಲಿ ಹಾಡಿದರು. ಕನ್ನಡ ಸಾಹಿತ್ಯಕ್ಕೆ ಕುಡಿತ ಪರಕೀಯವಲ್ಲ. ನಮ್ಮ ಮನೆಗಳಿಗೆ ಮಾತ್ರ ಅದು ಬೇರೆಯೇ ದಾರಿಯಲ್ಲಿ ಬಂತು.

ಇರಲಿ, ಮೊದಲು ಅಡುಗೆಯ ಲೆಕ್ಕ. ಬಾರ್ಬೆಕ್ಯೂಗೆ ವೈನ್ ಆರಿಸುವಾಗ ಮಾಂಸ ಯಾವುದು ಎನ್ನುವುದಕ್ಕಿಂತ ಅದಕ್ಕೆ ಸವರಿದ್ದು ಏನು ಎಂದು ಕೇಳಬೇಕು. ನಮ್ಮಲ್ಲಿ ಸವರುವುದು ಖಾರ. ಕೆಂಪು ವೈನಿನಲ್ಲಿ ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಒಗರಿದೆ, ಟ್ಯಾನಿನ್ ಅನ್ನುತ್ತಾರೆ. ಅದು ಬಾಯಿಯ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ನಾಲಿಗೆ ಒಣಗಿಸುತ್ತದೆ. ಕೊಬ್ಬಿದ್ದ ಮಟನ್ನು, ಉಪ್ಪು ಸಿಕ್ಕರೆ ಆ ಒಗರು ಮೆತ್ತಗಾಗುತ್ತದೆ. ಖಾರ ಸಿಕ್ಕರೆ ಕೆರಳುತ್ತದೆ. ಆಲ್ಕೋಹಾಲು ಕೂಡ ಖಾರದ ಉರಿಯನ್ನು ಹೆಚ್ಚಿಸುತ್ತದೆಯೇ ಹೊರತು ಆರಿಸುವುದಿಲ್ಲ. ಹಾಗಾಗಿ ಹಸಿಮೆಣಸಿನಕಾಯಿ ರುಬ್ಬಿ ಹಚ್ಚಿದ ಕೋಳಿಗೆ ದಪ್ಪ ಕೆಂಪು ವೈನ್ ಕೊಟ್ಟರೆ ಬಾಯಿಗೆ ಬೆಂಕಿ ಬಿದ್ದಂತೆಯೇ. ಅದಕ್ಕೆ ತಣ್ಣಗಿನ, ತುಸು ಸಿಹಿ ಉಳಿದ ಶೆನಿನ್ ಬ್ಲಾಂಕ್ ಒಳ್ಳೆಯದು. ಸಿಹಿ ಖಾರವನ್ನು ತಡೆಯುತ್ತದೆ, ಹುಳಿ ಜಿಡ್ಡನ್ನು ಕಡಿಯುತ್ತದೆ. ನಿಂಬೆಹಣ್ಣು ಹಿಂಡುವ ಕೆಲಸವನ್ನು ವೈನೇ ಮಾಡುತ್ತದೆ.

ಬ್ಯಾಡಗಿ ಮೆಣಸಿನಕಾಯಿಯ ಕತೆ ಬೇರೆ. ಅದು ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಬ್ಯಾಡಗಿ, ಬೆಳ್ಳುಳ್ಳಿ, ಕಾಳುಮೆಣಸು ಹಚ್ಚಿ ಜಾಲಿ ಕೆಂಡದಲ್ಲಿ ಸುಟ್ಟ ಮಟನ್ನಿಗೆ ಶಿರಾಜ್ ಒಪ್ಪುತ್ತದೆ. ಶಿರಾಜಿನಲ್ಲೇ ಕಾಳುಮೆಣಸಿನ ವಾಸನೆಯಿದೆ, ಹೊಗೆಗೆ ಅಂಜುವುದಿಲ್ಲ. ಕೋಳಿ, ಬದನೆ, ಜೋಳ ಎಲ್ಲ ಒಂದೇ ತಟ್ಟೆಯಲ್ಲಿ ಬರುವ ಕಡೆ ರೋಸೆ ಇದ್ದರೆ ಜಗಳವೇ ಇಲ್ಲ.

ಇನ್ನೊಂದು ಮಾತು. ಕೆಂಪು ವೈನನ್ನು 'ರೂಮ್ ಟೆಂಪರೇಚರ್'ನಲ್ಲಿ ಕೊಡಬೇಕು ಎನ್ನುವ ರೂಢಿ ಯುರೋಪಿನ ತಣ್ಣನೆಯ ಕೋಣೆಗಳದ್ದು. 16ರಿಂದ 18 ಡಿಗ್ರಿ ಅದರ ಲೆಕ್ಕ. ನಮ್ಮ ಬೇಸಿಗೆಯ ಹೊಲದಲ್ಲಿ ಹಾಗೆ ಬಿಟ್ಟರೆ ಅದು ಕಷಾಯ. ಐಸ್ ಇಲ್ಲದಿದ್ದರೆ ಒದ್ದೆ ಗೋಣಿಚೀಲ ಸುತ್ತಿ ಗಾಳಿಗೆ ಇಡಬೇಕು, ಹೊಲಕ್ಕೆ ಒಯ್ಯುವ ನೀರಿನ ಕೊಡಕ್ಕೆ ಮಾಡುವಂತೆ.

ದೂರದಿಂದ ತರಬೇಕಿಲ್ಲ ಎನ್ನುವುದೂ ಸಮಾಧಾನ. ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಹತ್ತಿರ, ಕನ್ವಲ್ ಗ್ರೋವರ್ 1980ರ ದಶಕದಲ್ಲೇ ಫ್ರಾನ್ಸಿನ ತಳಿಗಳನ್ನು ನೆಡಲು ತೊಡಗಿದರು. ಕೊಪ್ಪಳ ಜಿಲ್ಲೆಯ ಕೃಷ್ಮಾ ತೋಟ 'ಹಂಪಿ ಹಿಲ್ಸ್' ಹೆಸರಿನಲ್ಲಿ ವೈನ್ ಮಾಡುತ್ತದೆ. ಕೆಂಪು ಮಣ್ಣು, ಬಂಡೆ, ಬಿಸಿಲು. ನೋಡಿದರೆ ನಮ್ಮ ಸೀಮೆಯ ನೆಂಟನಂತಿದೆ. ನಾನು ಒಂದು ಶಿರಾಜು, ಒಂದು ಶೆನಿನ್ ಆರಿಸಿದೆ. ಒಂಬತ್ತು ಜನಕ್ಕೆ ಎರಡೇ ಬಾಟಲಿ.

ಎರಡೇ ಯಾಕೆ ಎನ್ನುವುದಕ್ಕೆ ಕಾರಣ ದೊಡ್ಡವ್ವ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದೇ 2007ರಲ್ಲೇ ರಾಜ್ಯದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಬಂತು. ಒಂದು ಕೈ ಪಾಕೀಟು ಕಿತ್ತುಕೊಂಡಿತು, ಇನ್ನೊಂದು ಕೈ ಗ್ಲಾಸು ಮುಂದಿಟ್ಟಿತು, ಆದರೆ ಬೇರೆಯವರ ಮುಂದೆ. ಸಾರಾಯಿ ಕುಡಿಯುತ್ತಿದ್ದವರು ವೈನಿಗೆ ಬರಲಿಲ್ಲ, ಅಗ್ಗದ ವಿಸ್ಕಿಗೆ ಹೋದರು. ದೊಡ್ಡಪ್ಪ ಆ ನಿಷೇಧ ನೋಡಲು ಉಳಿದಿರಲಿಲ್ಲ. ಕೂಲಿಯ ದುಡ್ಡು ಪಾಕೀಟಿಗೆ ಹೋಗಿ, ರಾತ್ರಿ ಮುದ್ದೆ ತಣ್ಣಗಾಗಿ, ತಟ್ಟೆ ಗೋಡೆಗೆ ಬಡಿಯುವುದನ್ನು ದೊಡ್ಡವ್ವ ಇಪ್ಪತ್ತು ವರ್ಷ ನೋಡಿದ್ದಳು. ಆ ಮನೆಯ ಹೊಲಕ್ಕೆ ಬಾಟಲಿ ಒಯ್ಯುವಾಗ 'ಇದು ಬೇರೆ ದೊಡ್ಡವ್ವಾ, ಇದು ದ್ರಾಕ್ಷಿದು' ಅನ್ನುವುದು ಸುಲಭ. ಶೇಕಡಾ 13ರಷ್ಟು ಆಲ್ಕೋಹಾಲು ಇದರಲ್ಲೂ ಇದೆ. ನಾನು ಮೊದಲೇ ಅವಳನ್ನು ಕೇಳಿದೆ.

ಅವಳು ಬಾಟಲಿ ತಿರುಗಿಸಿ ನೋಡಿದಳು. "ಇದನ್ನ ಕುಡುದು ಉಣ್ತಾರೋ, ಉಣ್ತಾ ಕುಡೀತಾರೋ?"

"ಉಣ್ತಾ."

"ಹಂಗಾರೆ ಮೊದ್ಲು ಎಲ್ಲಾರ ತಟ್ಟೆಗೂ ಬೀಳ್ಲಿ. ಹೆಣ್ಮಕ್ಳ ತಟ್ಟೆಗೂ. ಆಮ್ಯಾಲೆ ತೆಗೀರಿ. ಮುಗೀತು ಅಂದ್ರೆ ಮುಗೀತು, ಬೈಕ್ ಹತ್ತಿ ಯಾವನೂ ಪ್ಯಾಟಿಗೆ ಹೋಗಂಗಿಲ್ಲ. ಹೋದ್ರೆ ನಾನಿಲ್ಲಿ ಕೂರಲ್ಲ ನೋಡು."

ವೈನಿನ ಪುಸ್ತಕಗಳು ಪುಟಗಟ್ಟಲೆ ಹೇಳುವುದರ ತಿರುಳನ್ನು ಅವಳು ಒಂದು ಪ್ರಶ್ನೆಯಲ್ಲಿ ಕೇಳಿದ್ದಳು. ಊಟಕ್ಕೆ ತಕ್ಕ ವೈನ್ ಆರಿಸುವುದೆಂದರೆ ಊಟವೇ ದೊಡ್ಡದು ಎಂದು ಒಪ್ಪುವುದು. ನಮ್ಮ ಕಡೆ ಗಂಡಸರ ಕುಡಿತ ಊಟವನ್ನು ಮುಂದೂಡುವ ಕುಡಿತ. ಹಸಿದ ಹೊಟ್ಟೆಗೆ, ಗೋಡೆಯ ಮರೆಯಲ್ಲಿ, ಬೇಗ. ಊಟ ಮಾಡಿಟ್ಟವಳು ಕಾಯುತ್ತಿರುತ್ತಾಳೆ.

ಅವತ್ತು ದೊಡ್ಡವ್ವ ಹೇಳಿದಂತೆಯೇ ನಡೆಯಿತು. ಮೊದಲು ತಟ್ಟೆಗಳು ತುಂಬಿದವು. ಅತ್ತಿಗೆ ಸ್ಟೀಲ್ ಲೋಟದಲ್ಲಿ ಎರಡು ಗುಟುಕು ಶೆನಿನ್ ಕುಡಿದು, "ಹಣ್ಣಾಗದ ನೇರಳೆ ತಿಂದಂಗೈತಿ" ಅಂದರು. ಕೋಳಿಯ ತುಂಡು ತಿಂದು ಇನ್ನೊಂದು ಗುಟುಕು ಕುಡಿದ ಮೇಲೆ, "ಈಗ ಪರವಾಗಿಲ್ಲ" ಅಂದರು. ಒಬ್ಬ ಹುಡುಗ ಶಿರಾಜಿಗೆ ಸ್ಪ್ರೈಟ್ ಬೆರೆಸಿದ. ಇನ್ನೊಬ್ಬ, "ಚಿಕ್ಕಪ್ಪಾ, ಇದ್ರಾಗೆ ಕಿಕ್ಕೇ ಇಲ್ವಲ್ರೀ" ಎಂದು ಕೊರಗಿದ. ಯಾರೂ ಬೈಕ್ ಹತ್ತಲಿಲ್ಲ. ಒಂಬತ್ತಕ್ಕೆ ಬಾಟಲಿಗಳು ಖಾಲಿಯಾದವು. ಮಾತು ಮಾತ್ರ ಹನ್ನೊಂದರ ತನಕ ನಡೆಯಿತು, ಮೆಕ್ಕೆಜೋಳದ ರೇಟು, ಕೊಳವೆಬಾವಿ, ಯಾರ ಮಗಳ ಮದುವೆ ಎಂದು.

ದೊಡ್ಡವ್ವ ವೈನ್ ಮುಟ್ಟಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಸುಟ್ಟ ತೆನೆಗೆ ಮಜ್ಜಿಗೆ ಹಾಕಿಸಿಕೊಂಡಳು. ಖಾರಕ್ಕೆ ಮಜ್ಜಿಗೆಯಷ್ಟು ಒಪ್ಪುವುದು ಯಾವುದೂ ಇಲ್ಲ ಎನ್ನುವುದೂ ಸತ್ಯವೇ. ಹಾಲಿನ ಪ್ರೋಟೀನು ಮೆಣಸಿನ ಉರಿಯನ್ನು ನಿಜಕ್ಕೂ ಇಳಿಸುತ್ತದೆ. ಈ ಸಲದ ಹಬ್ಬಕ್ಕೂ ಪಟ್ಟಿ ಕೇಳಿ ಹುಡುಗ ಮತ್ತೆ ಫೋನು ಮಾಡಿದ್ದ. ಒಂದು ಶಿರಾಜು, ಒಂದು ಶೆನಿನ್ನು, ಒಂದು ಕೊಡ ಮಜ್ಜಿಗೆ ಎಂದು ಬರೆಸಿದ್ದೇನೆ.