ಆರು ಕಚ್ಚಿನ ತಿರುಪು

ಮೊಳೆಗೂ ತಿರುಪಿಗೂ ಒಂದು ಗುಣಭೇದವುಂಟು. ಮೊಳೆಯು ಪೆಟ್ಟು ತಿಂದು ಒಳಹೊಗುತ್ತದೆ. ಅದನ್ನು ಕೀಳಬೇಕಾದರೆ ಮರಕ್ಕೆ ಗಾಯವಾಗದೆ ಇರದು. ತಿರುಪಾದರೋ ಸುತ್ತಿ ಸುತ್ತಿ ಒಳಸೇರಿ, ಬೇಕೆಂದಾಗ ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಒಂದು ಯಂತ್ರವನ್ನು ತಿರುಪಿನಿಂದ ಬಿಗಿದಿದ್ದಾರೆಂದರೆ, ಎಂದಾದರೊಂದು ದಿನ ಅದನ್ನು ಬಿಚ್ಚಬೇಕಾದೀತೆಂದು ಮಾಡಿದವರೇ ಒಪ್ಪಿಕೊಂಡಂತಾಯಿತು. ಆದರೆ ಬಿಚ್ಚತಕ್ಕವರು ಯಾರು ಎಂಬುದು ಬೇರೆ ಪ್ರಶ್ನೆ.

ಜಪಾನಿನ ನಿಂಟೆಂಡೊ ಸಂಸ್ಥೆಯು 1990ರಲ್ಲಿ ತನ್ನ ದೇಶದಲ್ಲಿಯೂ 1991ರಲ್ಲಿ ಅಮೆರಿಕದಲ್ಲಿಯೂ ಒಂದು ಆಟದ ಯಂತ್ರವನ್ನು ಮಾರಾಟಕ್ಕೆ ತಂದಿತು. ಅಮೆರಿಕದಲ್ಲಿ ಅದರ ಹೆಸರು ಸೂಪರ್ ನಿಂಟೆಂಡೊ. ಅದನ್ನು ಟೆಲಿವಿಷನ್ನಿಗೆ ಜೋಡಿಸಿ, ಕಾರ್ಟ್ರಿಜ್ ಎಂಬ ಆಟದ ಡಬ್ಬಿಯನ್ನು ಮೇಲಿನ ಸೀಳಿನಲ್ಲಿ ಸಿಕ್ಕಿಸಿ ಆಡತಕ್ಕದ್ದು. ಯಂತ್ರದ ಅಡಿಯಲ್ಲಿ 4.5 ಮಿಲಿಮೀಟರಿನ ತಿರುಪುಗಳು, ಡಬ್ಬಿಯಲ್ಲಿ 3.8 ಮಿಲಿಮೀಟರಿನವು ಎರಡು. ಇವುಗಳ ತಲೆಯ ಮೇಲೆ ಹಳೆಯ ಕಾಲದ ಒಂಟಿ ಗೀರೂ ಇಲ್ಲ. 1936ರಲ್ಲಿ ಹೆನ್ರಿ ಫಿಲಿಪ್ಸ್ ಪೇಟೆಂಟು ಪಡೆದ ಕೂಡುಗೀರೂ ಇಲ್ಲ. ತಲೆಯ ಸುತ್ತ ಅಂಚಿನಲ್ಲಿ ಆರು ಕಚ್ಚುಗಳಿವೆ, ಅಷ್ಟೆ. ತಿರುಪುಳಿಯ ಮೊನೆ ತಿರುಪಿನೊಳಗೆ ಹೊಗುವುದು ಲೋಕರೂಢಿ. ಇಲ್ಲಿ ತಿರುಪಿನ ತಲೆಯೇ ಟೊಳ್ಳಾದ ತಿರುಪುಳಿಯೊಳಗೆ ಹೊಗಬೇಕು. ಸಾಲದುದಕ್ಕೆ ಅದು ಕಿರಿದಾದ ಕುಳಿಯಲ್ಲಿ ಅಡಗಿ ಕುಳಿತಿರುತ್ತದೆ, ಇಕ್ಕಳಕ್ಕೂ ನಿಲುಕದು.

ಈ ಕಟ್ಟುನಿಟ್ಟನ್ನು ಸುಮ್ಮನೆ ಹಳಿಯುವುದು ನ್ಯಾಯವಲ್ಲ. ಯಂತ್ರವು ಮಕ್ಕಳ ಕೈಗೆ ಹೋಗತಕ್ಕದ್ದು. ಕುತೂಹಲವಾದರೋ ಮಕ್ಕಳ ಹುಟ್ಟುಗುಣ. ಆದರೂ ಈ ಬೀಗವು ಬಂದವರು ಮಗುವೋ ಮನೆಯ ಯಜಮಾನರೋ ಎಂದು ವಿಚಾರಿಸುವುದಿಲ್ಲ. ಹೊಸತರಲ್ಲಿ ಇದರಿಂದ ತೊಂದರೆಯಿಲ್ಲ. ಯಂತ್ರಕ್ಕೆ ಮುಪ್ಪು ಬಂದಾಗ, ಕಾಪಾಡಲೆಂದು ಹಾಕಿದ ತಿರುಪೇ ಅದನ್ನು ಕಾಪಾಡುವವರ ಕೈಯನ್ನು ತಡೆಯುತ್ತದೆ.

ಮುಪ್ಪು ಮೊದಲು ಕಾಣಿಸಿಕೊಳ್ಳುವುದು ಹೆಚ್ಚಾಗಿ ಡಬ್ಬಿಯಲ್ಲಿ. ಆಟವನ್ನು ಎಲ್ಲಿಯವರೆಗೆ ಆಡಿತ್ತೆಂಬ ನೆನಪನ್ನು ಅನೇಕ ಡಬ್ಬಿಗಳಲ್ಲಿ ಒಂದು ಸಣ್ಣ ಚಿಪ್ಪು ಇಟ್ಟುಕೊಂಡಿರುತ್ತದೆ. ವಿದ್ಯುತ್ತು ಕ್ಷಣಕಾಲ ತಪ್ಪಿದರೂ ಚಿಪ್ಪಿಗೆ ಮರೆವು. ಆದ್ದರಿಂದ ಪಕ್ಕದಲ್ಲಿಯೇ 20 ಮಿಲಿಮೀಟರು ಅಗಲದ, ನಾಣ್ಯದಂತಹ, 3 ವೋಲ್ಟಿನ ಲಿಥಿಯಂ ಸೆಲ್ಲನ್ನು ಬೆಸೆದಿರುತ್ತಾರೆ. ಯಂತ್ರವು ಅಟ್ಟದ ಮೇಲೆ ಮಲಗಿದ್ದರೂ ಈ ಸೆಲ್ಲು ವರ್ಷಗಟ್ಟಲೆ ಎಚ್ಚರವಾಗಿದ್ದು ನೆನಪನ್ನು ಕಾಯುತ್ತದೆ. ಒಂದು ದಿನ ಅದೂ ಬರಿದಾಗುತ್ತದೆ. ಇದು ಯಾರ ತಪ್ಪೂ ಅಲ್ಲ, ರಸಾಯನದ ಸ್ವಭಾವ.

ನಾವು ಅಮೆರಿಕದಲ್ಲಿದ್ದಾಗ ಮಕ್ಕಳಿಗೆಂದು ಕೊಂಡ ಡಬ್ಬಿಗಳಲ್ಲಿ 1992ರಲ್ಲಿ ಅಲ್ಲಿಗೆ ಬಂದ ಝೆಲ್ಡಾ ಕಥೆಯ ಆಟವೂ ಒಂದು. ಅದರಲ್ಲಿ ಮೂವರು ಆಟಗಾರರ ಹೆಸರಿಗೆ ಎಡೆಯುಂಟು. ಎರಡು ಮಕ್ಕಳವು, ಮೂರನೆಯದು ನನ್ನ ಪತ್ನಿಯದು. ಆಕೆ ನಾಲ್ಕು ಸಂಜೆ ಆಡಿ, ಮಕ್ಕಳ ನಗೆಗೆ ತಾನೂ ನಕ್ಕು ಬಿಟ್ಟುಬಿಟ್ಟಳು. ಆಕೆ ತೀರಿಕೊಂಡು ಈಗ ಹಲವು ವರ್ಷಗಳಾದುವು. ಹೆಸರು ಮಾತ್ರ, ಆರಂಭದಲ್ಲಿ ಆಟಗಾರನಿಗೆ ಕೊಡುವ ಮೂರು ಹೃದಯಗಳ ಗುರುತಿನೊಡನೆ, ತೆರೆಯ ಮೇಲೆ ಇನ್ನೂ ಮೂಡುತ್ತಿತ್ತು. "ಅಪ್ಪಾ, ಸೆಲ್ಲು ಬದಲಾಯಿಸಿದರೆ ಅಮ್ಮನ ಹೆಸರು ಅಳಿಸಿಹೋಗುತ್ತದೆ" ಎಂದು ಮಗಳು ಹೇಳಿದಳು. ಬದಲಾಯಿಸದಿದ್ದರೂ ಅಳಿಯತಕ್ಕದ್ದೇ.

ಟೊಳ್ಳು ತಿರುಪುಳಿಯನ್ನು ತರಿಸಿ ಡಬ್ಬಿಯನ್ನು ಬಿಚ್ಚಿದೆವು. ಸೆಲ್ಲು ಎರಡೂವರೆ ವೋಲ್ಟಿಗೆ ಇಳಿದಿತ್ತು. ರೇಡಿಯೋ ರಿಪೇರಿಯಲ್ಲಿ ಪಳಗಿದ ನಮ್ಮ ಮಿತ್ರರು, "ಸ್ವಾಮಿ, ಹಳೆಯ ಕಾವಲುಗಾರನನ್ನು ಕಳುಹಿಸುವ ಮೊದಲು ಹೊಸಬನನ್ನು ಬಾಗಿಲಲ್ಲಿ ನಿಲ್ಲಿಸೋಣ" ಎಂದು, ಟಾರ್ಚಿನ ಎರಡು ಸೆಲ್ಲುಗಳನ್ನು ಸಾಲಾಗಿ ಕೂಡಿಸಿ, ಪ್ರವಾಹವು ಹಿಂದಕ್ಕೆ ಹರಿಯದಂತೆ ನಡುವೆ ಒಂದು ಡಯೋಡನ್ನಿಟ್ಟು, ಧನಕ್ಕೆ ಧನ, ಋಣಕ್ಕೆ ಋಣವಾಗಿ ತಂತಿ ಹಿಡಿಸಿದರು. ಆಮೇಲೆ ಹಳೆಯ ಸೆಲ್ಲಿನ ಬೆಸುಗೆ ಬಿಡಿಸಿ, ಹೊಸದನ್ನು ಕೂರಿಸಿ, ತಂತಿಯನ್ನು ತೆಗೆದರು. ಯಂತ್ರಕ್ಕೆ ಸಿಕ್ಕಿಸಿ ನೋಡಿದರೆ ಮೂರು ಹೆಸರುಗಳೂ ಇದ್ದುವು. ಮಗಳು ಮಾತಾಡಲಿಲ್ಲ.

ಇಂತಹ ಕೆಲಸಕ್ಕೆ ಅಪ್ಪಣೆ ಯಾರದು ಬೇಕು? ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್ 24ರಂದು ದುರಸ್ತಿಯ ಹಕ್ಕಿಗಾಗಿಯೇ ಒಂದು ಜಾಲತಾಣವನ್ನು ತೆರೆಯಿತು. 2024ರಲ್ಲಿ ಐರೋಪ್ಯ ಒಕ್ಕೂಟವು ದುರಸ್ತಿಗೆ ಉತ್ತೇಜನ ಕೊಡುವ ನಿರ್ದೇಶವನ್ನು ಅಂಗೀಕರಿಸಿತು. ಲೋಕವು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿರುವುದು ಸಂತೋಷದ ಸಂಗತಿ. ವಸ್ತುವನ್ನು ಮಾಡಿದವರಿಗೆ ಅದರ ರಚನೆ ತಿಳಿದಿರಬಹುದು. ಅದರೊಳಗೆ ಏನು ಸೇರಿಕೊಂಡಿದೆಯೆಂಬುದು ಅದರೊಡನೆ ಬಾಳಿದವರಿಗೇ ಗೊತ್ತು.

ಬಿಚ್ಚುವ ಹಕ್ಕಿನೊಡನೆ ಮುಚ್ಚುವ ಹೊಣೆಯೂ ಬರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ತಿರುಪನ್ನು ಹೇಗೆಂದರೆ ಹಾಗೆ ಬಿಗಿದರೆ ಅದು ಹೊಸ ಜಾಡು ಕೊರೆದು ರಂಧ್ರವನ್ನು ಸಡಿಲಗೊಳಿಸುತ್ತದೆ. ಮೊದಲು ಮೆಲ್ಲಗೆ ಎಡಕ್ಕೆ ತಿರುಗಿಸಬೇಕು. ಹಳೆಯ ಜಾಡು ಸಿಕ್ಕಿದಾಗ ಬೆರಳಿಗೆ "ಟಕ್" ಎಂದು ತಿಳಿಯುತ್ತದೆ. ಅನಂತರವೇ ಬಲಕ್ಕೆ, ಅದೂ ಸಾಕೆನಿಸುವಷ್ಟೇ. ಮುಂದೆ ಇನ್ನೊಬ್ಬರು ಬಿಚ್ಚಬೇಕಾದೀತಷ್ಟೆ.