ಕಟ್ಟಿಗಿ ನೆಲದ ಮನಿ

ಕ್ವೀನ್ಸ್, ನ್ಯೂಯಾರ್ಕ್
ಡಿಸೆಂಬರ್ 2025, ನಡುರಾತ್ರಿ

ಅವ್ವಾ,

ಮನಿ ಸಿಕ್ಕೈತಿ, ಇನ್ನ ಚಿಂತಿ ಬಿಡು. ನಿದ್ದಿ ಹಗಲಿಗೆ ಬರತೈತಿ, ರಾತ್ರಿ ಹಿಂಗ ಕುಂತು ಬರೀತೀನಿ.

ಮನಿ ಹುಡುಕೂದ್ರಾಗ ಜೀವ ಹಣ್ಣಾತು. ತಿಂಗಳ ಬಾಡಿಗಿಯ 40 ಪಟ್ಟು ವರ್ಷದ ಗಳಿಕಿ ಇದ್ರನ ಮಾಲಕರು ಮಾತಾಡ್ತಾರ. ಇಲ್ಲಂದ್ರ 80 ಪಟ್ಟು ಗಳಸೋರು ಜಾಮೀನು ನಿಲ್ಲಬೇಕು. ಈಗಷ್ಟ ಬಂದೋರಿಗೆ ಅಂಥವರು ಯಾರ ಸಿಗ್ತಾರ? ಕಂಪನಿ ಪತ್ರ ಕೊಟ್ಟಮ್ಯಾಲ ದಾರಿ ಆತು. ಅಡ್ವಾನ್ಸ್ ಮಾತ್ರ ಒಂದ ತಿಂಗಳದ್ದು, 2019ರ ಕಾಯ್ದೆ ಹಂಗ ಐತಿ. ಬೆಂಗಳೂರಾಗ ಹತ್ತು ತಿಂಗಳದ್ದು ಕೊಡಾಕ ಅಪ್ಪ ಶೇಂಗಾ ಮಾರಿದ್ದು ನೆನಪಾತು. ಅವರಿಗೆ ಇದನ್ನ ಓದಿ ಹೇಳು, ಸಮಾಧಾನ ಆಗ್ಲಿ. ಅವರ ಕಣ್ಣು ತೋರಸೂದು ಮುಂದ ಹಾಕಬ್ಯಾಡ. ಈಗ ಕುಷ್ಟಗಿಯಿಂದನ ಹುಬ್ಬಳ್ಳಿಗೆ ರೈಲು ಐತೆಲ್ಲ, ಬಸ್ಸಿನ ಧಕ್ಕಿ ತಪ್ಪತೈತಿ.

ನೆಲ ಓಕ್ ಕಟ್ಟಿಗಿದು. ಮೂರ ಬೆರಳಗಲದ ಹಲಗಿ, ಅಂಚಿಗೆ ಅಂಚು ಕೂಡ್ರಿಸಿ ಒಂದ ಮಳಿನೂ ಕಾಣದಂಗ ಬಡದಾರ. ಎರಡನೇ ಮಹಾಯುದ್ಧಕ್ಕಿಂತ ಮೊದಲಿನ ಕಟ್ಟಡ. ಕಿನ್ನಾಳದ ಚಿತ್ರಗಾರರು ಬಂದ್ರ ಮೊದಲ ಕೆಳಗ ಕುಂತು ಕೈಯಾಡಿಸಿ ನೋಡ್ತಿದ್ರು. ಆದ್ರ ನೀ ಪಡಸಾಲಿ ಪರಸಿ ಮ್ಯಾಲ ಕೊಡಪಾನ ನೀರು ಚೆಲ್ಲಿ ತೊಳದಂಗ ಇಲ್ಲೆ ತೊಳಿಯಂಗಿಲ್ಲ, ಹಲಗಿ ಉಬ್ಬತಾವ. ಚಳಿಗಾಲಕ್ಕ ಕಾವು ಹಚ್ಚಿದ್ರ ಒಣಗಿ ಸಂದಿ ಬಿಡ್ತಾವ, ಸಂದಿನ್ಯಾಗ ಜ್ವಾಳದ ಹಿಟ್ಟು ಕುಂಡರತೈತಿ.

ಸಿಟ್ಟು ಬಂದಿದ್ದು ಕರಾರಿಗೆ. ಹಾರ್ಡ್‌ವುಡ್ ನೆಲ ಅಂತ ಜಾಹೀರಾತಿನ್ಯಾಗ ಮೊದಲ ಸಾಲು ಬರದು ಬಾಡಿಗಿ ಏರಸ್ತಾರ. ಆಮ್ಯಾಲ ನೂರಕ್ಕ 80 ಭಾಗ ಹಾಸು ಹಾಸಿ ಮುಚ್ಚಬೇಕು ಅಂತ ಬರೀತಾರ. ನಡದದ್ದು, ಪಾತ್ರಿ ಬಿದ್ದದ್ದು ಎಲ್ಲಾ ಕೆಳಗಿನ ಮನಿಗೆ ಕೇಳತೈತೆಂತ. ನೀ ಕೊಟ್ಟ ನವಲಗುಂದ ಜಮಖಾನಿ ಒಂದ ಮೂಲಿಗೆ ಸಾಲ್ತು.

ಹೋದ ಐತಾರ ಮುಂಜಾನೆ ಕೆಳಗ ಮಣಿ ಇಟಗೊಂಡು ರೊಟ್ಟಿ ಬಡಿಯಾಕತ್ತಿದ್ದೆ. ಬಾಗಲ ಗಂಟಿ ಆತು. ಕೆಳಗಿನ ಮನಿ ಅಮ್ಮಾರು, ವಯಸ್ಸಾದವರು, ಮೊಮ್ಮಗಳ ಕೈ ಹಿಡಕೊಂಡು ನಿಂತಿದ್ರು. ಎದಿ ಧಸಕ್ಕಂತು. ಅವರು ಸ್ಪಾನಿಶ್‌ನ್ಯಾಗ ಕೇಳಿದ್ರು, ಹುಡುಗಿ ಇಂಗ್ಲಿಷಿಗೆ ಹೇಳಿದ್ಲು: ‘ಅಜ್ಜಿ ಕೇಳ್ತಾಳ, ನೀವು ಏನು ಬಡೀತೀರಿ?’ ಅವರ ಊರು ಮೆಕ್ಸಿಕೊದ ಪುಯೆಬ್ಲಾ ಕಡೆ. ಅವರವ್ವ ಗೊಂಜಾಳ ಸುಣ್ಣದ ನೀರಾಗ ಕುದಿಸಿ, ರಾತ್ರಿ ನೆನಸಿ, ಕಲ್ಲಾಗ ಅರದು, ಎರಡ ಅಂಗೈ ನಡುವ ತಟ್ಟತಿದ್ರಂತ. ಅದ ಸಪ್ಪಳಂತ ಮ್ಯಾಲ ಬಂದಿದ್ರು. ಒಳಗ ಕರದೆ. ಹಿಟ್ಟಿನುಂಡಿ ತಗೊಂಡು ನಿಂತಲ್ಲೇ ತಟ್ಟಿದ್ರು, ಅಂಚು ಹರೀತು. ಜಾಕ್ಸನ್ ಹೈಟ್ಸ್‌ನಿಂದ ತಂದ ಹಿಟ್ಟು ಹಳೇದು, ಜಿಗಿ ಇರಲಿಲ್ಲ. ಕುದಿನೀರು ಹಾಕಿ ಮತ್ತ ನಾದಿ ಕೊಟ್ಟೆ. ಈ ಸಲ ತಟ್ಟಿದ್ರು ನೋಡವ್ವಾ, ಅಂಗೈಯಗಲ, ದುಂಡಗ! ಹಂಚಿನ ಮ್ಯಾಲ ಅದು ಉಬ್ಬಿದಾಗ ಮೊಮ್ಮಗಳು ಚಪ್ಪಾಳಿ ಹೊಡದ್ಲು. ಶೇಂಗಾ ಹಿಂಡಿ ಹಚಗೊಂಡು ತಿಂದು, ಖಾರ ಇನ್ನೂ ಬೇಕು ಅಂದ್ರು.

ಮರುದಿನ ಕಂಬಳಿಯಂಥಾ ದಪ್ಪ ಹಾಸು ತಂದು ಕೊಟ್ರು, ಮಣಿ ಕೆಳಗ ಹಾಕ್ಕೊಂಡು ಎಷ್ಟೊತ್ತಿಗೆ ಬೇಕಾದ್ರೂ ಬಡಿ ಅಂತ. ಕಾವು ಬರದಿದ್ರ ಸುಮ್ಮನಿರಬ್ಯಾಡ, 311ಕ್ಕ ಫೋನ್ ಮಾಡು, ಅಕ್ಟೋಬರ್ 1ರಿಂದ ಮೇ 31ರ ತನಕ ಮನಿ ಬೆಚ್ಚಗಿಡೂದು ಮಾಲಕರ ಮ್ಯಾಲಿನ ಕಾಯ್ದೆ ಅಂತ ಅವರ ಹೇಳಿದ್ರು. ಇಂಥವರು ಕೆಳಗಿದ್ದಾರ, ನೀ ನನ್ನ ಥಂಡಿ ಚಿಂತಿ ಮಾಡಬ್ಯಾಡ.

ಗಂಗಾವತಿ ಕಾಕಾಗ ಅಕ್ಕಿ ಕಳಸಬ್ಯಾಡ ಅನ್ನು, ಇಲ್ಲೆ ಸಿಗತೈತಿ. ಯಲಬುರ್ಗಾ ಅತ್ತಿ ಗಂಡಿನ ಸುದ್ದಿ ತಗದ್ರ ಬ್ಯಾಸಿಗಿಗೆ ಮಾತಾಡೂನು ಅನ್ನು. ಕೊಪ್ಪಳ ಗವಿಮಠದ ಜಾತ್ರಿ ದಾಸೋಹಕ್ಕ ಓಣಿಯವರೆಲ್ಲಾ ರೊಟ್ಟಿ ಕಳಸ್ತೀರಲ್ಲ, ನನ್ನ ಪಾಲಿಂದೂ ಬಡಿ. ಅಟ್ಟದ ಮ್ಯಾಲ ಅಜ್ಜಿಯ ಮಣ್ಣಿನ ಹಂಚು ಇನ್ನೂ ಐತೇನು? ಅಮ್ಮಾರು ಕೇಳ್ಯಾರ, ಅವರ ಕಡೆನೂ ಮಣ್ಣಿಂದ ಅಂತ. ತಮ್ಮನ ಕೈಲೆ ಫೋಟೊ ತಗಸು. ಮತ್ತ ಗಿರಣಿಯಾಗ ಕೇಳು, ಬೀಸಿದ ಹಿಟ್ಟಿಗೆ ಎಷ್ಟು ದಿನ ಜಿಗಿ ಇರತೈತಿ ಅಂತ, ಪಾರ್ಸಲ್ ಮಾಡಿದ್ರ ಇಲ್ಲಿಗೆ ಬರೂದ್ರಾಗ…