ಸಂಕಲ್ಪಕ್ಕೊಂದು ಜಾಗ, ಒಂದು ಹೊತ್ತು

ಡಿಸೆಂಬರ್ ಕೊನೆಯ ವಾರ ಪುಸ್ತಕದಂಗಡಿಗೆ ಕಾಲಿಟ್ಟರೆ ಹೊಸ ಡೈರಿಗಳ ಕಾಗದದ ವಾಸನೆ. ನನಗೆ ಅದು ತುಂಬ ಇಷ್ಟ. ಜನವರಿ ಒಂದರ ಖಾಲಿ ಪುಟ ಬಿಡಿಸಿದ ಕೂಡಲೇ ಯಾವುದಾದರೂ ನೇಮ ಹಿಡಿಯಬೇಕು ಅನ್ನಿಸಿಬಿಡುತ್ತದೆ. ಹೊಸ ವರ್ಷದ ನಿರ್ಧಾರಗಳ ಬಗ್ಗೆ ಹಗುರವಾಗಿ ಮಾತಾಡುವವರು ಬಹಳ ಮಂದಿ. ನನಗದು ಸರಿ ಕಾಣುವುದಿಲ್ಲ. ಬದುಕನ್ನು ಒಂದಿಷ್ಟು ತಿದ್ದಿಕೊಳ್ಳೋಣ ಎಂದು ಮನುಷ್ಯನಿಗೆ ವರ್ಷಕ್ಕೊಮ್ಮೆಯಾದರೂ ತೋಚುತ್ತದಲ್ಲ, ಅದು ದೊಡ್ಡದು.

ಈಗ ಎಲ್ಲರೂ ‘ಗುರಿ’ ಅನ್ನುತ್ತಾರೆ. ನನಗೆ ‘ಸಂಕಲ್ಪ’ವೇ ಹಿತ. ಮನೆಯಲ್ಲಿ ಸತ್ಯನಾರಾಯಣ ಪೂಜೆಗೆ ಕೂತಾಗ ಪುರೋಹಿತರು ಸಂಕಲ್ಪ ಹೇಳಿಸುವುದನ್ನು ಕಿವಿಗೊಟ್ಟು ಕೇಳಿ. ಯಾವ ದ್ವೀಪ, ಯಾವ ಖಂಡ, ಅರವತ್ತರಲ್ಲಿ ಯಾವ ಸಂವತ್ಸರ, ಯಾವ ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಆಮೇಲೆ ಕೂತವರ ಗೋತ್ರ, ನಕ್ಷತ್ರ, ಹೆಸರು. ಇಷ್ಟೆಲ್ಲ ಆದ ಮೇಲೇ ಏನು ಮಾಡುತ್ತೇನೆ ಎಂಬ ಮಾತು ಬರುವುದು. ಚಿಕ್ಕಂದಿನಲ್ಲಿ ಇದು ಯಾವಾಗ ಮುಗಿಯುತ್ತದೋ, ಪ್ರಸಾದ ಯಾವಾಗ ಸಿಗುತ್ತದೋ ಎಂದು ಕಾಯುತ್ತಿದ್ದೆ. ಈಗ ಅದರಲ್ಲಿ ಒಂದು ವಿವೇಕ ಕಾಣುತ್ತದೆ: ಎಲ್ಲಿ, ಯಾವಾಗ, ಯಾರು ಎಂದು ಗೊತ್ತುಮಾಡದೆ ಅದು ಸಂಕಲ್ಪವೇ ಆಗುವುದಿಲ್ಲ. ‘ಈ ವರ್ಷ ಆರೋಗ್ಯ ನೋಡಿಕೊಳ್ಳಬೇಕು’ ಅನ್ನುವುದು ಆಸೆ. ‘ಬೆಳಿಗ್ಗೆ ಆರಕ್ಕೆ, ಹಾಲು ತರುವ ಮುಂಚೆ, ಕೆರೆ ಏರಿಯ ಮೇಲೆ ಎರಡು ಸುತ್ತು’ ಅಂದರೆ ಸಂಕಲ್ಪ.

ನಮ್ಮಜ್ಜಿ ರಾಮಕೋಟಿ ಬರೆಯುತ್ತಿದ್ದರು. ಮಧ್ಯಾಹ್ನದ ಊಟವಾಗಿ, ಎಲೆಅಡಿಕೆ ಬಾಯಿಗೆ ಹಾಕಿಕೊಂಡು, ಪಡಸಾಲೆಯ ಕಂಬಕ್ಕೆ ಒರಗಿ ಕೂರುವರು. ತೊಡೆಯ ಮೇಲೆ ಒಂದು ರಟ್ಟು, ಅದರ ಮೇಲೆ ಚೌಕುಳಿ ಚೌಕುಳಿಯಾಗಿ ಮನೆ ಹಾಕಿದ ಪುಸ್ತಕ, ಕೈಯಲ್ಲಿ ಕೆಂಪು ಶಾಯಿಯ ಪೆನ್ನು. ಪೆನ್ನು ಹಿಡಿಯುವ ಮುಂಚೆ ಬೆರಳಿನ ಸುಣ್ಣವನ್ನು ಸೆರಗಿಗೆ ಒರೆಸಿಕೊಳ್ಳುವರು. ದಿನಕ್ಕೆ ಒಂದೇ ಪುಟ. ಒಮ್ಮೆ ಜ್ವರ ಬಂದು ನಾಲ್ಕು ದಿನ ಮಲಗಿದ್ದರು. ಎದ್ದ ದಿನ ಮತ್ತೆ ಒಂದೇ ಪುಟ ಬರೆದು ಮುಚ್ಚಿಟ್ಟರು. ಬಾಕಿ ನಾಲ್ಕು ಪುಟ ಯಾವಾಗ ಬರೀತೀಯಜ್ಜಿ ಅಂದೆ. “ಹೋದದ್ದು ಹೋಯ್ತು ಕಣೋ, ಇವತ್ತಿಂದು ಇವತ್ತಿಗೆ” ಅಂದರು. ದಿನಕ್ಕೆ ಸಾವಿರ ನಾಮ ಬರೆದರೂ ಕೋಟಿ ಮುಟ್ಟಲು 27 ವರ್ಷ ದಾಟುತ್ತದೆ. ಅಜ್ಜಿ ಕೋಟಿ ಮುಟ್ಟಲಿಲ್ಲ. ಆದರೆ ಅವರು ಹೋದ ಮೇಲೆ ಪೆಟ್ಟಿಗೆ ತೆಗೆದಾಗ ಹದಿನೇಳು ಪುಸ್ತಕಗಳು ಸಿಕ್ಕವು, ಒಂದು ಮನೆಯೂ ಖಾಲಿ ಬಿಡದೆ ತುಂಬಿದ್ದವು.

‘ಹೋದದ್ದು ಹೋಯ್ತು’ ಎಂಬ ಅಜ್ಜಿಯ ಲೆಕ್ಕವನ್ನೇ ನಾನು ಬಹಳ ವರ್ಷಗಳ ಮೇಲೆ ಒಂದು ಸಂಶೋಧನೆಯಲ್ಲಿ ಓದಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರಿಗೆ ಅವರವರೇ ಆಯ್ದುಕೊಂಡ ಒಂದೊಂದು ಸಣ್ಣ ಅಭ್ಯಾಸವನ್ನು 12 ವಾರ ಪಾಲಿಸಲು ಹೇಳಿದರು. ಊಟದ ಜೊತೆ ಒಂದು ಹಣ್ಣು, ರಾತ್ರಿಯೂಟಕ್ಕೆ ಮೊದಲು 15 ನಿಮಿಷ ಓಟ, ಇಂಥವು. 21 ದಿನ ಮಾಡಿದರೆ ಸಾಕು, ರೂಢಿಯಾಗುತ್ತದೆ ಎಂಬ ಮಾತು ನಮ್ಮಲ್ಲೂ ಓಡಾಡುತ್ತದೆಯಲ್ಲ. ಇವರಿಗೆ ಸಿಕ್ಕ ಮಧ್ಯದ ಲೆಕ್ಕ 66 ದಿನ. ಕೆಲವರಿಗೆ 18ಕ್ಕೇ ಕೂಡಿಬಂತು, ಕೆಲವರಿಗೆ ಅಂದಾಜು 254 ದಿನ ಬೇಕು ಎಂದು ಕಂಡಿತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ ಎಂದೂ ಅವರು ಬರೆದಿದ್ದಾರೆ. ಜನವರಿ ಒಂದರಿಂದ ಎಣಿಸಿದರೆ 66ನೇ ದಿನ ಬರುವುದು ಮಾರ್ಚ್ ಮೊದಲ ವಾರದಲ್ಲಿ. ನಮ್ಮಲ್ಲಿ ಬಹಳಷ್ಟು ನೇಮಗಳು ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವ ಹೊತ್ತಿಗೇ ಕೈಬಿಟ್ಟುಹೋಗಿರುತ್ತವೆ. ಒಂದು ದಿನ ತಪ್ಪಿತು ಎಂಬ ಬೇಸರಕ್ಕೆ ಇಡೀ ವರ್ಷವನ್ನೇ ಬಿಟ್ಟುಕೊಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನನ್ನದೇ ಹೇಳುತ್ತೇನೆ. ಹೋದ ವರ್ಷ ಡೈರಿಯ ಮೊದಲ ಪುಟದಲ್ಲಿ ‘ಕಗ್ಗ ಪೂರ್ತಿ ಓದಬೇಕು’ ಎಂದು ಬರೆದಿದ್ದೆ. ಡಿ.ವಿ.ಜಿ.ಯವರ ಮಂಕುತಿಮ್ಮನ ಕಗ್ಗ, 1943ರಲ್ಲಿ ಬಂದದ್ದು. ಎಲ್ಲಿ, ಯಾವಾಗ ಅಂತ ಬರೆದಿರಲಿಲ್ಲ. ಫೆಬ್ರವರಿಯಲ್ಲಿ ನಿಂತುಹೋಯಿತು. ಈ ಸಲ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಒಟ್ಟು 945 ಪದ್ಯ. ದಿನಕ್ಕೊಂದಾದರೆ ಎರಡೂವರೆ ವರ್ಷ ದಾಟುತ್ತದೆ. ಮೂರಾದರೆ 315 ದಿನ. ಅಂದರೆ ವರ್ಷದಲ್ಲಿ ಇನ್ನೂ 50 ದಿನ ಉಳಿಯುತ್ತದೆ. ಜ್ವರಕ್ಕೆ, ಊರಿಗೆ, ನೆಂಟರ ಮನೆ ಮದುವೆಗೆ. ಆ 50 ದಿನ ಮೊದಲೇ ಕೈಯಲ್ಲಿದೆ ಅಂದಾಗ ಎಷ್ಟು ನಿರಾಳವಾಯಿತು! ಬೆಳಗಿನ ಕಾಫಿ ಲೋಟ ಕೆಳಗಿಟ್ಟ ಕೂಡಲೇ, ಜಗಲಿಯ ಬೆಂಚಿನ ಮೇಲೆ, ಮೂರು ಪದ್ಯ ಜೋರಾಗಿ ಓದುವುದು. ಓದಿದ ಮೇಲೆ ಡೈರಿಯಲ್ಲಿ ಪದ್ಯದ ಸಂಖ್ಯೆ ಬರೆಯುವುದು, ಅಷ್ಟೇ.

ಕಗ್ಗ ಯಾವ ಪುಸ್ತಕದಂಗಡಿಯಲ್ಲೂ ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ. ನಾಳೆ ಬೆಳಿಗ್ಗೆ ನೀವೂ ನಿಮ್ಮ ಜಗಲಿಯಲ್ಲಿ ಶುರುಮಾಡಿ.